ಮೈಲೇಜಿನ ಲೆಕ್ಕಕ್ಕೆ ಸಿಗದ ಕಾರು

ಅಮೆರಿಕಕ್ಕೆ ಹೊಸದಾಗಿ ಹೋದ ಕನ್ನಡಿಗನಿಗೆ ಕಾರಿನ ವಿಷಯದಲ್ಲಿ ಸಿಗುವ ಉಪದೇಶ ಇಪ್ಪತ್ತು ವರ್ಷಗಳಿಂದ ಬದಲಾಗಿಲ್ಲ. ಕ್ಯಾಮ್ರಿ ತಗೋ, ಅಕಾರ್ಡ್ ತಗೋ, ಪೆಟ್ರೋಲ್ ಉಳಿಸಬೇಕಾದರೆ ಪ್ರಿಯಸ್ ತಗೋ; ಅಮೆರಿಕನ್ ಕಾರಿನ ತಂಟೆಗೆ ಮಾತ್ರ ಹೋಗಬೇಡ, ಮಾರುವಾಗ ಕೈಗೆ ಕಾಸು ಹತ್ತುವುದಿಲ್ಲ. ಈ ಮಾತಿಗೆ ಆಧಾರ ಇಲ್ಲದಿಲ್ಲ. ಡೆಟ್ರಾಯಿಟ್‌ನ ಕಂಪನಿಗಳು ಸಣ್ಣ ಕಾರನ್ನು ಮನಸ್ಸಿಟ್ಟು ಮಾಡಿದ್ದು ಅಪರೂಪ. ಹಾಗೆ ಮಾಡಿದ ಒಂದನ್ನು ಜನ ಸರಿಯಾಗಿ ನೋಡಲೇ ಇಲ್ಲ ಎನ್ನುವುದು ನನ್ನ ತಕರಾರು. ಅದು ಶೆವ್ರೊಲೆ ವೋಲ್ಟ್. 2010ರ ಕೊನೆಯಿಂದ 2019ರ ಫೆಬ್ರವರಿವರೆಗೆ ತಯಾರಾಗಿ, ಸದ್ದಿಲ್ಲದೆ ನಿಂತುಹೋದ ಕಾರು. ಪ್ರಿಯಸ್‌ಗೆ ಸಲ್ಲುತ್ತಿರುವ ಹೊಗಳಿಕೆಯಲ್ಲಿ ದೊಡ್ಡ ಪಾಲು ನ್ಯಾಯವಾಗಿ ಇದಕ್ಕೆ ಸಲ್ಲಬೇಕಿತ್ತು.

ಇದನ್ನು ತಯಾರಿಸಿದ ಜನರಲ್ ಮೋಟರ್ಸ್ (ಜಿಎಂ) 2009ರಲ್ಲಿ ದಿವಾಳಿಯಾಗಿ ಸರ್ಕಾರದ ದುಡ್ಡಿನಲ್ಲಿ ಎದ್ದು ನಿಂತದ್ದು, ಅದರಿಂದ ವೋಲ್ಟ್‌ಗೆ ‘ಒಬಾಮಾ ಕಾರು’ ಎಂಬ ಹಣೆಪಟ್ಟಿ ಅಂಟಿದ್ದು, 2011ರಲ್ಲಿ ಅಪಘಾತ ಪರೀಕ್ಷೆಗೆ ಒಳಗಾದ ಒಂದು ಕಾರು ಮೂರು ವಾರದ ಮೇಲೆ ನಿಂತಲ್ಲೇ ಹೊತ್ತಿಕೊಂಡದ್ದು, ಅದಕ್ಕಾಗಿ ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆ ನಡೆದದ್ದು, ತನಿಖೆ 2012ರ ಜನವರಿಯಲ್ಲಿ ಮುಗಿದದ್ದು, ಇವೆಲ್ಲ ಹಳೆಯ ಕಥೆ. ರಾಜಕಾರಣಿಗಳು ತಮ್ಮ ಕೆಲಸ ತಾವು ಮಾಡಿದರು. ನನ್ನ ಜಗಳ ಕಾರು ಬಲ್ಲವರು ಎನಿಸಿಕೊಂಡ ವಿಮರ್ಶಕರೊಂದಿಗೆ.

ಜಗಳದ ಬೇರು ಇರುವುದು ಗೇರ್ ಪೆಟ್ಟಿಗೆಯೊಳಗೆ. ಮೊದಲ ಪೀಳಿಗೆಯ ವೋಲ್ಟ್‌ನಲ್ಲಿ 111 ಕಿಲೋವ್ಯಾಟ್‌ನ ದೊಡ್ಡ ಮೋಟಾರು, 55 ಕಿಲೋವ್ಯಾಟ್‌ನ ಸಣ್ಣದೊಂದು, 1.4 ಲೀಟರಿನ ಪೆಟ್ರೋಲ್ ಎಂಜಿನ್, ಇವುಗಳ ನಡುವೆ ಒಂದೇ ಒಂದು ಪ್ಲಾನೆಟರಿ ಗೇರ್ ಮತ್ತು ಮೂರು ಕ್ಲಚ್ಚುಗಳಿವೆ. ದೊಡ್ಡ ಮೋಟಾರು ಮಧ್ಯದ ಸನ್ ಗೇರನ್ನು ತಿರುಗಿಸುತ್ತದೆ. ನಡುವಿನ ಕ್ಯಾರಿಯರ್‌ನಿಂದ ಶಕ್ತಿ ಚಕ್ರಕ್ಕೆ ಹೋಗುತ್ತದೆ. ಹೊರಗಿನ ರಿಂಗ್ ಗೇರ್ ಮಾತ್ರ ಒಮ್ಮೊಮ್ಮೆ ಕವಚಕ್ಕೆ ಬಿಗಿದುಕೊಂಡು ಅಲುಗದೆ ನಿಲ್ಲುತ್ತದೆ, ಒಮ್ಮೊಮ್ಮೆ ಸಣ್ಣ ಮೋಟಾರಿಗೆ ಜೋಡಿಕೊಳ್ಳುತ್ತದೆ. ಊರೊಳಗಿನ ಓಡಾಟದಲ್ಲಿ ರಿಂಗ್ ಅಲುಗುವುದಿಲ್ಲ, ದೊಡ್ಡ ಮೋಟಾರೊಂದೇ ದುಡಿಯುತ್ತದೆ. ವೇಗ ಏರಿದಂತೆ ಆ ಮೋಟಾರು ವಿಪರೀತ ಸುತ್ತಬೇಕಾಗಿ ಶಕ್ತಿ ಪೋಲಾಗುತ್ತದೆ. ಆಗ ರಿಂಗನ್ನು ಬಿಡಿಸಿ ಸಣ್ಣ ಮೋಟಾರಿನ ಕೈಗೆ ಕೊಟ್ಟರೆ ದೊಡ್ಡದರ ಸುತ್ತು ಇಳಿಯುತ್ತದೆ, ಕಾರಿನ ವೇಗ ಇಳಿಯುವುದಿಲ್ಲ. ಬ್ಯಾಟರಿ ಬರಿದಾದ ಮೇಲೆ ಮೂರನೆಯ ಕ್ಲಚ್ ಎಂಜಿನ್ನನ್ನು ಸಣ್ಣ ಮೋಟಾರಿಗೆ ಕಟ್ಟುತ್ತದೆ. ಆ ಮೋಟಾರು ಜನರೇಟರ್ ಆಗಿ ಕರೆಂಟು ಹುಟ್ಟಿಸುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಗಲಾಟೆ ಇರುತ್ತಿರಲಿಲ್ಲ. ಬ್ಯಾಟರಿ ಬರಿದಾಗಿ, ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಎಂಜಿನ್, ಸಣ್ಣ ಮೋಟಾರು, ರಿಂಗ್ ಮೂರೂ ಒಟ್ಟಿಗೆ ಜೋಡಿಕೊಳ್ಳುತ್ತವೆ. ಅಂದರೆ ಎಂಜಿನ್ನಿನ ಬಲದ ಒಂದು ಪಾಲು ಕರೆಂಟಾಗದೆ ನೇರವಾಗಿ ಚಕ್ರಕ್ಕೆ ಹೋಗುತ್ತದೆ. 2010ರ ಅಕ್ಟೋಬರ್‌ನಲ್ಲಿ ಈ ಸಂಗತಿ ಹೊರಬಿದ್ದದ್ದೇ ತಡ, ಜಿಎಂ ಸುಳ್ಳು ಹೇಳಿತು, ಇದು ಎಲೆಕ್ಟ್ರಿಕ್ ಕಾರೇ ಅಲ್ಲ, ಬರೀ ಹೈಬ್ರಿಡ್ ಎಂದು ಪತ್ರಿಕೆಗಳು ಬೊಬ್ಬೆ ಹೊಡೆದವು. ಎಂಜಿನ್ ಚಕ್ರಕ್ಕೆ ಸೇರುವುದೇ ಇಲ್ಲವೆಂದು ಅದುವರೆಗೆ ನಂಬಿಸಿದ್ದ ಜಿಎಂ ಪ್ರಚಾರ ವಿಭಾಗದ್ದು ತಪ್ಪೇ. ಆದರೆ ಎಂಜಿನಿಯರುಗಳದ್ದು ತಪ್ಪೆ? ಪೆಟ್ರೋಲನ್ನು ಕರೆಂಟಾಗಿಸಿ, ಕರೆಂಟನ್ನು ಮತ್ತೆ ಚಲನೆಯಾಗಿಸುವ ಎರಡೆರಡು ಹಂತಗಳಲ್ಲಿ ಸೋರಿಹೋಗುವ ಶಕ್ತಿಯನ್ನು ಉಳಿಸಲು ಅವರು ಕಂಡುಕೊಂಡ ದಾರಿ ಅದು. ದೊಡ್ಡ ಮೋಟಾರು ಸನ್ ಗೇರಿಗೆ ಎದುರುಬಲ ಕೊಡದಿದ್ದರೆ ಎಂಜಿನ್ನಿನ ಬಲ ಚಕ್ರ ಮುಟ್ಟುವುದೇ ಇಲ್ಲ ಎಂಬ ಸೂಕ್ಷ್ಮವನ್ನು ಬೊಬ್ಬೆ ಹೊಡೆದವರಲ್ಲಿ ಎಷ್ಟು ಮಂದಿ ಬರೆದರು? ಮಡಿ ಕೆಟ್ಟಿತು ಎಂದು ಬರೆಯುವುದು ಸುಲಭ. ತಮಾಷೆಯೆಂದರೆ 2016ರ ಎರಡನೆಯ ಪೀಳಿಗೆಯಲ್ಲಿ ಎಂಜಿನ್ ಇನ್ನೂ ಧಾರಾಳವಾಗಿ ಚಕ್ರಕ್ಕೆ ಸೇರಿಕೊಂಡಿತು. ಆಗ ಅಷ್ಟು ಗದ್ದಲ ಕೇಳಿಬರಲಿಲ್ಲ.

ಈ ಮಡಿವಂತಿಕೆಯ ನಡುವೆ ಮುಖ್ಯವಾದದ್ದು ಮುಚ್ಚಿಹೋಯಿತು. ಬ್ಯಾಟರಿಯಲ್ಲಿ ಚಾರ್ಜ್ ಇರುವವರೆಗೆ ಆಕ್ಸಿಲರೇಟರನ್ನು ಎಷ್ಟೇ ಒತ್ತಿದರೂ ವೋಲ್ಟ್‌ನ ಎಂಜಿನ್ ಎದ್ದೇಳುವುದಿಲ್ಲ. ಕೊರೆಯುವ ಚಳಿಯಂಥ ಕೆಲವು ಸಂದರ್ಭಗಳಷ್ಟೇ ಇದಕ್ಕೆ ವಿನಾಯಿತಿ. 2012ರ ಪ್ರಿಯಸ್ ಪ್ಲಗ್-ಇನ್‌ಗೆ ಸಿಕ್ಕ ಎಲೆಕ್ಟ್ರಿಕ್ ದೂರ 11 ಮೈಲಿ, ಅದರಲ್ಲೂ ಜೋರಾಗಿ ಒತ್ತಿದರೆ ಎಂಜಿನ್ ಹಾಜರ್. ವೋಲ್ಟ್‌ನದು ಶುರುವಿನಲ್ಲೇ 35 ಮೈಲಿ, ಕೊನೆಗೆ 53. ನಮ್ಮ ಲೆಕ್ಕದಲ್ಲಿ 85 ಕಿಲೋಮೀಟರ್. ತಿಂಗಳುಗಟ್ಟಲೆ ಪೆಟ್ರೋಲ್ ಮುಟ್ಟದವರ ಕಾರು, ಟ್ಯಾಂಕಿನಲ್ಲಿ ಇಂಧನ ಹಳತಾಯಿತೆಂದು ತಾನಾಗಿಯೇ ಎಂಜಿನ್ ಓಡಿಸಿ ಅದನ್ನು ಸುಟ್ಟು ಮುಗಿಸುತ್ತದೆ. ಪೆಟ್ರೋಲ್ ಹಳಸುವಷ್ಟು ಕಡಿಮೆ ಬಳಕೆಯಾದೀತೆಂದು ಮುಂಚೆಯೇ ಯೋಚಿಸಿ ಮಾಡಿದ ಕಾರನ್ನು ‘ಬರೀ ಹೈಬ್ರಿಡ್’ ಎನ್ನಲು ದಪ್ಪ ಚರ್ಮ ಬೇಕು.

ಹಾಗಿದ್ದೂ ಇದು ಸೋತದ್ದು ‘ಎಷ್ಟು ಕೊಡುತ್ತೆ?’ ಎಂಬ ಪ್ರಶ್ನೆಯ ಮುಂದೆ. ಜಿಎಂ 2009ರಲ್ಲಿ, ಊರೊಳಗೆ ಗ್ಯಾಲನ್ನಿಗೆ 230 ಮೈಲಿ ಎಂದು ಜಂಬ ಕೊಚ್ಚಿತು. ಸರ್ಕಾರದ ಮೈಲೇಜ್ ಚೀಟಿ ಬಂದಾಗ ಅದರಲ್ಲಿ ಮೂರು ಅಂಕಿಗಳಿದ್ದವು: ಕರೆಂಟಿನಲ್ಲಿ 93ಕ್ಕೆ ಸಮ, ಪೆಟ್ರೋಲಿನಲ್ಲಿ 37, ಎರಡೂ ಸೇರಿ 60. ಪ್ರಿಯಸ್‌ನದು ಒಂದೇ ಅಂಕಿ, 50. ವಿಮರ್ಶಕರು 37 ಮತ್ತು 50ನ್ನು ಎದುರುಬದುರು ಕೂರಿಸಿ ತೀರ್ಪು ಕೊಟ್ಟರು. ದಿನಕ್ಕೆ 30 ಮೈಲಿ ಓಡಿಸುವವನಿಗೆ ಆ 37 ಸಂಬಂಧವೇ ಇಲ್ಲದ ಸಂಖ್ಯೆ, ದಿನಕ್ಕೆ 150 ಮೈಲಿ ಓಡಿಸುವವನಿಗೆ ಅದೇ ಸರ್ವಸ್ವ. ಓಡಿಸುವವನನ್ನು ಬಿಟ್ಟು ಈ ಕಾರಿಗೆ ಮೈಲೇಜೇ ಇಲ್ಲ. ಇಷ್ಟಕ್ಕೂ ಮೈಲೇಜಿನ ಅಂಕಿಯೇ ಮೋಸಗಾರ. 10,000 ಮೈಲಿ ಓಡುವ ಕಾರಿನಲ್ಲಿ 40ರಿಂದ 50ಕ್ಕೆ ಏರಿದರೆ ಉಳಿಯುವುದು 50 ಗ್ಯಾಲನ್; 15ರಿಂದ 20ಕ್ಕೆ ಏರಿದರೆ ಸುಮಾರು 167. ಸಂಶೋಧಕರಾದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಈ ಭ್ರಮೆಯನ್ನು ಬಿಡಿಸಿ ತೋರಿಸಿದ್ದರು. ಕಾರು ಪತ್ರಿಕೆಯವರು ಓದಿದಂತಿಲ್ಲ.

ದೋಷಗಳಿಲ್ಲವೆ? ಇವೆ. ನಡುವೆ ಉದ್ದಕ್ಕೆ ಮಲಗಿದ ಟಿ ಆಕಾರದ ಬ್ಯಾಟರಿಯಿಂದಾಗಿ ಮೊದಲ ಪೀಳಿಗೆಯಲ್ಲಿ ನಾಲ್ಕೇ ಸೀಟು. ಎರಡನೆಯದರಲ್ಲಿ ಐದನೆಯದು ಹೆಸರಿಗೆ. ಊರಿಂದ ಅಪ್ಪ ಅಮ್ಮ ಬಂದರೆ, ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ, ಈ ಕಾರಿನಲ್ಲಿ ದೇವಸ್ಥಾನಕ್ಕೂ ಹೋಗಲಾಗದು. ಮೊದಲ ಪೀಳಿಗೆ ದುಬಾರಿ ಪ್ರೀಮಿಯಂ ಪೆಟ್ರೋಲನ್ನೇ ಕೇಳುತ್ತದೆ. ಬೆಲೆಯೂ 7,500 ಡಾಲರ್ ತೆರಿಗೆ ರಿಯಾಯಿತಿಗೆ ಮುಂಚೆ 41,000 ಡಾಲರ್ ಇತ್ತು. ಅಗ್ಗದ ಕಾರು ಎನ್ನುವ ಮಾತೇ ಇರಲಿಲ್ಲ. ಅಗ್ಗವಾದದ್ದು ಹಳೆಯದಾದ ಮೇಲೆ. ‘ಮಾರುವಾಗ ಕಾಸು ಹತ್ತುವುದಿಲ್ಲ’ ಎಂಬ ಶಾಪ ಎರಡನೆಯ ಕೈಯಲ್ಲಿ ಕೊಳ್ಳುವವನಿಗೆ ವರವೆಂಬುದು ನಮ್ಮ ಉಪದೇಶಕರಿಗೆ ಹೊಳೆದೇ ಇಲ್ಲ.

ಇದರ ಜಾಗ ತುಂಬುವ ಅಮೆರಿಕನ್ ಕಾರು ಬಂದಿತೇ ಎಂದರೆ, ಹತ್ತಿರ ಬಂದದ್ದು 2022ರ ಫೋರ್ಡ್ ಮ್ಯಾವರಿಕ್. ಆಗ ಹೈಬ್ರಿಡ್ಡೇ ಮೂಲ ಮಾದರಿಯಾಗಿತ್ತು, 19,995 ಡಾಲರಿಗೆ ಊರೊಳಗೆ ಗ್ಯಾಲನ್ನಿಗೆ 42 ಮೈಲಿ. ತಯಾರಾಗುವುದು ಮೆಕ್ಸಿಕೊದ ಎರ್ಮೊಸಿಯೊದಲ್ಲಿ. ಕೆಂಟಕಿಯಲ್ಲಿ ಜೋಡಣೆಯಾಗುವ ಕ್ಯಾಮ್ರಿಗಿಂತ ಅದು ಹೇಗೆ ಹೆಚ್ಚು ಅಮೆರಿಕನ್ ಎಂದು ಕೇಳಬೇಡಿ. ಜನ ಮುಗಿಬಿದ್ದರು, ಫೋರ್ಡ್ 2024ಕ್ಕೆ ಹೈಬ್ರಿಡ್ಡನ್ನು ಹೆಚ್ಚು ದುಡ್ಡು ತೆತ್ತು ಕೊಳ್ಳುವ ಆಯ್ಕೆಯಾಗಿಸಿತು. ವೋಲ್ಟ್ ಹುಟ್ಟಿದ ಡೆಟ್ರಾಯಿಟ್-ಹ್ಯಾಮ್‌ಟ್ರಮ್ಯಾಕ್ ಕಾರ್ಖಾನೆ ಈಗ ‘ಫ್ಯಾಕ್ಟರಿ ಝೀರೋ’. ಅಲ್ಲಿಂದ ಬರುವ ಹಮ್ಮರ್ ಇವಿ ತೂಗುವುದು ನಾಲ್ಕು ಸಾವಿರ ಕಿಲೋಗೂ ಮೇಲೆ.

ಕೊಳ್ಳುವುದಾದರೆ 2016ರ ನಂತರದ್ದನ್ನೇ ನೋಡಬೇಕು: ಸಾಮಾನ್ಯ ಪೆಟ್ರೋಲ್ ಸಾಕು, ಬ್ಯಾಟರಿ ಮುಗಿದ ಮೇಲೂ ಗ್ಯಾಲನ್ನಿಗೆ 42 ಮೈಲಿ. ಆದರೆ ಎಂಟು ವರ್ಷದ ಬ್ಯಾಟರಿ ವಾರಂಟಿ ಬಹುತೇಕ ಮುಗಿದಿರುತ್ತದೆ, ಬ್ಯಾಟರಿಯ ನಿಯಂತ್ರಣ ಘಟಕ ಕೆಡುವ ದೂರೂ ಇದೆ. ವೋಲ್ಟ್ ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿರಬೇಕು. ಕರೆಂಟಿನಲ್ಲಿ ಓಡಿಸಿದರೆ 100 ಮೈಲಿಗೆ ಸುಮಾರು 31 ಯೂನಿಟ್ ಬೇಕು. ಯೂನಿಟ್ಟಿಗೆ 15 ಸೆಂಟ್ ಇರುವಲ್ಲಿ ಐದು ಡಾಲರಿಗೂ ಕಡಿಮೆ. ಅಷ್ಟೇ ದೂರಕ್ಕೆ ಪ್ರಿಯಸ್ ಎರಡು ಗ್ಯಾಲನ್ ಕುಡಿಯುತ್ತದೆ. ಯೂನಿಟ್ಟಿಗೆ 30 ಸೆಂಟ್ ದಾಟುವ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಈ ಲಾಭ ಕರಗಿಹೋಗುತ್ತದೆ. ಸ್ವಂತ ಗ್ಯಾರೇಜಿದ್ದರೆ ಮಾಮೂಲು 120 ವೋಲ್ಟ್ ಸಾಕೆಟ್ಟಿನಲ್ಲೂ ಒಂದು ರಾತ್ರಿಗೆ ಹೆಚ್ಚುಕಮ್ಮಿ ತುಂಬುತ್ತದೆ. ಸಾಕೆಟ್ ಇಲ್ಲದ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇರುವವರು ಪ್ರಿಯಸ್ಸನ್ನೇ ಕೊಳ್ಳಲಿ.