ಮಸಲತ್ತಿಗೆ ನಮ್ಮನ್ನೂ ಕರೆಯಿರಿ

ಹುಲಗೋಳದಂಥ ಹಳ್ಳಿಯಿಂದ ಬಂದು ಶಿರಸಿ ಪೇಟೆಯಲ್ಲಿ ನೆಲೆಸುವವನಿಗೆ ಆಸ್ಪತ್ರೆ, ಕಾಲೇಜು, ಮಾರುಕಟ್ಟೆ ಹತ್ತಿರವಾಗುತ್ತವೆ. ಅವನು ಕಳೆದುಕೊಳ್ಳುವುದೂ ಒಂದಿದೆ. ಅದು ಗ್ರಾಮಸಭೆ.

ಕರ್ನಾಟಕದ 1993ರ ಪಂಚಾಯತ್ ಕಾಯ್ದೆಯ ಪ್ರಕಾರ ಹಳ್ಳಿಯ ವಾರ್ಡ್ ಸಭೆಯೂ ಗ್ರಾಮಸಭೆಯೂ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮೊದಲು ಕಾಲುಸಂಕವೋ, ಬಾವಿಯೋ ಎಂಬ ಆದ್ಯತೆಯ ಮಾತು ಅಲ್ಲಿ ಜನರ ಮುಂದೆ ಬರಬೇಕು. ಎಷ್ಟೋ ಗ್ರಾಮಸಭೆಗಳು ಕಾಗದದ ಮೇಲೆಯೇ ಮುಗಿಯುತ್ತವೆ, ನಿಜ. ಆದರೆ ಹಳ್ಳಿಯವನು 'ಸಭೆ ಎಲ್ಲಿ?' ಎಂದು ದಬಾಯಿಸಿ ಕೇಳಬಲ್ಲ. ಕಾನೂನು ಅವನ ಕೈಯಲ್ಲಿದೆ.

ಪೇಟೆಯವನ ಕೈಯಲ್ಲಿ ಏನಿದೆ? 1992ರ 74ನೇ ತಿದ್ದುಪಡಿ ನಗರಗಳಿಗೆ ಸ್ವಾಯತ್ತತೆ ಕೊಟ್ಟಿತೆಂದು ನಾವು ಸಂಭ್ರಮಿಸಿದೆವು. ಆದರೆ ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಉಳಿದವುಗಳ ಮಾತನ್ನು ರಾಜ್ಯಗಳಿಗೆ ಬಿಟ್ಟಿತು. 2011ರ ಜನಗಣತಿಯಲ್ಲಿ ಶಿರಸಿಯ ಜನಸಂಖ್ಯೆ ಅರವತ್ತು ಸಾವಿರದ ಆಸುಪಾಸು. ಜಿಲ್ಲೆಯ ಯಾವ ಪೇಟೆಯೂ ಮೂರು ಲಕ್ಷದ ಹತ್ತಿರವೂ ಸುಳಿಯುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ, ಸಭೆ ಸೇರಿಸುವುದು ಸುಲಭವಾದ ಊರಿನಲ್ಲಿಯೇ ಸಭೆ ಇಲ್ಲ!

ಇದು ಅನಿವಾರ್ಯವೇನೂ ಅಲ್ಲ. ಕೇರಳದ 1994ರ ಪೌರಸಭಾ ಕಾಯ್ದೆ ಲಕ್ಷ ಮೀರದ ಪೇಟೆಗಳಲ್ಲಿ ವಾರ್ಡಿನ ಮತದಾರರೆಲ್ಲರ ಸಭೆಗೆ ಅವಕಾಶ ಮಾಡಿದೆ. 1996ರಲ್ಲಿ ಆರಂಭವಾದ ಜನಕೀಯ ಯೋಜನೆ ಇಂಥ ಸಭೆಗಳಿಗೆ ಚರ್ಚಿಸಲು ಹಣವನ್ನೂ ಒದಗಿಸಿತು. ಅಂದರೆ ಕಾಸರಗೋಡು ಪೇಟೆಯ ಕನ್ನಡಿಗನಿಗಿರುವ ಹಕ್ಕು ಶಿರಸಿ ಪೇಟೆಯ ಕನ್ನಡಿಗನಿಗಿಲ್ಲ.

ಹಣವಂತೂ ಬರುವಾಗಲೇ ಹೆಸರು ಬರೆಸಿಕೊಂಡು ಬರುತ್ತದೆ. 2021ರಿಂದ 2026ರವರೆಗಿನ ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಸಣ್ಣ ನಗರಗಳ ಪಾಲಿನ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉದ್ದೇಶ ಒಳ್ಳೆಯದೇ. ಆದರೆ ಪೈಪು ಮೊದಲು ಯಾವ ಗಲ್ಲಿಗೆ ಹೋಗಬೇಕೆಂದು ಆಯೋಗ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಗಲ್ಲಿಯವರು. ಬಜೆಟ್ ಪೂರ್ವಭಾವಿ ಸಭೆ ಎಂಬ ಪದ್ಧತಿಯೇನೋ ಇದೆ. ಅಲ್ಲಿ ಸಾಮಾನ್ಯವಾಗಿ ಕಾಣುವುದು ವ್ಯಾಪಾರಿಗಳು, ಪತ್ರಕರ್ತರು, ಸಂಘಸಂಸ್ಥೆಗಳ ಪದಾಧಿಕಾರಿಗಳು. ಬೀಡಿ ಸುತ್ತುವ, ಅಡಿಕೆ ಸುಲಿಯುವ ಹೆಂಗಸು ಅಂದಿನ ಕೂಲಿ ಬಿಟ್ಟು ಅಲ್ಲಿಗೆ ಬರಬಲ್ಲಳೇ?

ಮಾರಿಗದ್ದೆ, ಕೆಂಗ್ರೆಗಳ ನೀರು ಕುಡಿಯುವ ಈ ಮಳೆನಾಡಿನ ಪೇಟೆಗೂ ಬೇಸಗೆಯಲ್ಲಿ ಬಾಯಾರುತ್ತದೆ. ಅನುದಾನಕ್ಕೆ ಕಾಯದೆ ಶಿರಸಿ ಜೀವಜಲ ಕಾರ್ಯಪಡೆ ಕೆರೆಗಳ ಹೂಳೆತ್ತಿದ್ದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ದಾನದಿಂದ ನಡೆಯುವ ಕೆಲಸದ ಸರದಿಯನ್ನು ದಾನಿಯ ಒಳ್ಳೆಯ ಮನಸ್ಸು ನಿರ್ಧರಿಸುತ್ತದೆ. ತೆರಿಗೆಯ ಹಣದ ಸರದಿಯನ್ನು ತೆರಿಗೆ ಕೊಟ್ಟವರು ನಿರ್ಧರಿಸಬೇಕು. ಒಂದು ಉಪಕಾರ, ಇನ್ನೊಂದು ಹಕ್ಕು.

ಬರೆಯುವ ನಾವೂ ತಪ್ಪಿತಸ್ಥರೇ. ನಲ್ಲಿಯ ಮುಂದಿನ ಕೊಡಗಳ ಜಗಳವನ್ನು ನಾವು ಕತೆಗಳಲ್ಲಿ ರಸವತ್ತಾಗಿ ಬರೆದೆವು. ಆ ಮೊಹಲ್ಲಾಕ್ಕೆ ಒಂದೇ ನಲ್ಲಿ ಸಾಕೆಂದು ತೀರ್ಮಾನಿಸಿದವರು ಯಾರು ಎಂದು ಒಮ್ಮೆಯಾದರೂ ಕೇಳಿದೆವೇ?

ಉರ್ದು ಶಾಲೆಯಲ್ಲಿ ನಾವು ಕಲಿತ 'ಮಸ್ಲಹತ್' ಎಂಬ ಪದಕ್ಕೆ ಒಳಿತನ್ನು ನೋಡಿ ಮಾಡುವ ಆಲೋಚನೆ ಎಂದರ್ಥ. ಅದೇ ಪದ ಕನ್ನಡಕ್ಕೆ ಬಂದು 'ಮಸಲತ್ತು' ಆಗಿ, ಬಾಗಿಲು ಹಾಕಿಕೊಂಡು ನಡೆಸುವ ಒಳಸಂಚಾಯಿತು. ತಪ್ಪು ಪದದ್ದಲ್ಲ, ಮುಚ್ಚಿದ ಬಾಗಿಲಿನದು. ಲಕ್ಷದೊಳಗಿನ ಪೇಟೆಗಳಿಗೂ ವಾರ್ಡ್ ಸಭೆಯನ್ನು ಕಡ್ಡಾಯ ಮಾಡಲು ನಮ್ಮ ಶಾಸನಸಭೆಗೆ ಅಡ್ಡಿಯೇನಿಲ್ಲ. ಸಭೆ ಕೂಲಿ ಮುಗಿದ ಮೇಲೆ ಸಂಜೆ ಸೇರಲಿ, ಕಾಮಗಾರಿಗಳ ಪಟ್ಟಿಯನ್ನು ಗಟ್ಟಿಯಾಗಿ ಓದಲಿ. ಬಾಗಿಲು ತೆರೆದರೆ ಮಸಲತ್ತಿಗೆ ಅದರ ಹಳೆಯ ಅರ್ಥ ಮರಳಿ ಬಂದೀತು.