ಫಲಕ ಓದಬೇಡಿ, ಹಬೆ ನೋಡಿ

ಮೈಸೂರಿನಿಂದ ನಂಜನಗೂಡಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 766ರ ಇಕ್ಕೆಲಗಳು ಹೊಲಗದ್ದೆಗಳ ಚಹರೆ ಕಳೆದುಕೊಂಡು ನಗರದ ಹೊರವಲಯವಾಗಿ ಬದಲಾದ ಮೇಲೆ, ಮಂಡಕಳ್ಳಿಯ ವಿಮಾನ ನಿಲ್ದಾಣವನ್ನೂ ಕಡಕೊಳ, ತಾಂಡವಪುರಗಳ ಕಾರ್ಖಾನೆಗಳನ್ನೂ ದಾಟಿ ಹೋಗುವವರಿಗೆ ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್ ಎಂಬ ಮೂರನ್ನೂ ಒಂದೇ ಫಲಕದಲ್ಲಿ ಬರೆಸಿಕೊಂಡ ಹೋಟೆಲುಗಳು ಒಂದರ ಹಿಂದೊಂದು ಎದುರಾಗುತ್ತವೆ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಇರುವ, ಸಂತಾನ ವೇಣುಗೋಪಾಲಕೃಷ್ಣಸ್ವಾಮಿಯ ದೇವಸ್ಥಾನದಿಂದ ಹೆಸರಾದ ಹೆಮ್ಮರಗಾಲದಂಥ ಊರಿನವರು ಒಂದು ಸಂಜೆ ಬಾಯಿರುಚಿ ಬದಲಿಸಿಕೊಳ್ಳಲು ಹೊರಟರೆ ಈ ಫಲಕಗಳ ನಡುವೆ ಆರಿಸುವುದು ಹೇಗೆ ಎಂಬುದು ಈ ವಾರದ ವಿಷಯ; ಉತ್ತರ ಸೂಪಿನಿಂದಲೇ ಆರಂಭವಾಗುತ್ತದೆ ಎಂಬುದನ್ನು ಅಂಕಣದ ಹಳೆಯ ಓದುಗರು ಈಗಾಗಲೇ ಊಹಿಸಿರಬಹುದು.

ಮೊಮೊ, ಅಂದರೆ ಮೈದಾ ಹಿಟ್ಟಿನ ತೆಳು ಹಾಳೆಯೊಳಗೆ ಎಲೆಕೋಸನ್ನೋ ಕೊಚ್ಚಿದ ಮಾಂಸವನ್ನೋ ತುಂಬಿ ನಿರಿಗೆ ಹಿಡಿದು ಹಬೆಯಲ್ಲಿ ಬೇಯಿಸಿದ ತಿನಿಸು, ಮೈಸೂರಿನ ಬಡಾವಣೆಗಳನ್ನು ದಾಟಿ ತಾಲ್ಲೂಕು ಕೇಂದ್ರಗಳ ಬೀದಿಗೂ ಬಂದಿದೆ. ಅದನ್ನು ಬೇಯಿಸುವ ಪಾತ್ರೆ ಅಂತಸ್ತುಗಳುಳ್ಳ ಅಲ್ಯೂಮಿನಿಯಂ ಪಾತ್ರೆಯಾಗಿದ್ದು, ಮೇಲಿನ ತೂತಿನ ತಟ್ಟೆಗಳಲ್ಲಿ ಮೊಮೊ, ಎಲ್ಲಕ್ಕಿಂತ ಕೆಳಗಿನ ಹಂಡೆಯಲ್ಲಿ ಕುದಿಯುವ ನೀರು ಇರುತ್ತವೆ. ಕಸುಬು ಬಲ್ಲವರು ಆ ಹಂಡೆಗೆ ಬರೀ ನೀರು ಸುರಿಯದೆ ಮೂಳೆ, ಈರುಳ್ಳಿ, ಶುಂಠಿ ಹಾಕುತ್ತಾರೆ. ಮೇಲಿನ ತಟ್ಟೆಗಳಿಂದ ತೊಟ್ಟಿಕ್ಕುವ ರಸವೂ ಅದಕ್ಕೇ ಬಂದು ಸೇರುತ್ತದೆ. ಮೊಮೊ ಜೊತೆ ಪುಟ್ಟ ಬಟ್ಟಲಲ್ಲಿ ಕೊಡುವ ಸೂಪು ಆ ಹಂಡೆಯದೇ ಆಗಿರುತ್ತದೆ. ಕಸುಬು ತಿಳಿಯದ ಕಡೆ ಅದೇ ಬಟ್ಟಲಲ್ಲಿ ಬರುವುದು ಕಾರ್ನ್‌ಫ್ಲೋರ್ ಕಲಸಿದ ಬಿಸಿನೀರು. ಖಾರದ ಚಟ್ನಿ ಎಂಥ ತಪ್ಪನ್ನಾದರೂ ಮುಚ್ಚಬಲ್ಲದು, ಆದರೆ ಸೂಪಿಗೆ ಮರೆಮಾಚುವ ಶಕ್ತಿಯಿಲ್ಲ. ಆದ್ದರಿಂದ ಮೊದಲು ಸೂಪು ಕುಡಿದು, ಆಮೇಲೆ ಮಿಕ್ಕದ್ದನ್ನು ತರಿಸುವುದು ಜಾಣತನ. ಎರಡನೆಯ ಗುರುತು ನಿರಿಗೆಯದು: ಕೈಯಲ್ಲಿ ಲಟ್ಟಿಸಿದ ಹಾಳೆ ನಡುವೆ ಕೊಂಚ ದಪ್ಪ, ಅಂಚಿನಲ್ಲಿ ತೆಳು ಇರುವುದರಿಂದ ನಿರಿಗೆಗಳೆಲ್ಲ ಕೂಡುವ ತಲೆಯ ಗಂಟು ಹಸಿಯಾಗಿ ಉಳಿಯುವುದಿಲ್ಲ, ಹೂರಣದ ಭಾರಕ್ಕೆ ತಳವೂ ಹರಿಯುವುದಿಲ್ಲ; ಫ್ರೀಜರಿನಿಂದ ತೆಗೆದ ರೆಡಿಮೇಡ್ ಮೊಮೊಗಳೋ ಒಂದೇ ಅಚ್ಚಿನಿಂದ ಇಳಿದಂತೆ ನಿರಿಗೆಯ ಲೆಕ್ಕದವರೆಗೂ ಒಂದೇ ಸಮನಾಗಿರುತ್ತವೆ.

ಇಷ್ಟು ಹೇಳಿದೊಡನೆ ಶುದ್ಧಿವಾದಿಗಳ ಪಂಥವೊಂದು ಎದ್ದು ನಿಂತು, ಹೊರವಲಯದ ಹೋಟೆಲುಗಳ ಚೈನೀಸ್ ಚೀನಾದ್ದೇ ಅಲ್ಲ, ಗೋಬಿ ಮಂಚೂರಿಯನ್ನು ತಿನ್ನುವವರಿಗೆ ರುಚಿಯ ಪರಿವೆಯೇ ಇಲ್ಲ ಎಂದು ತೀರ್ಪು ಕೊಡುವುದು ವಾಡಿಕೆ. ಮಂಚೂರಿಯಾಕ್ಕೂ ಆ ಖಾದ್ಯಕ್ಕೂ ಸಂಬಂಧವಿಲ್ಲವೆಂಬುದು ನಿಜ. 1970ರ ದಶಕದ ಮುಂಬಯಿಯಲ್ಲಿ, ಕೋಲ್ಕತ್ತ ಮೂಲದ ಚೀನೀ ಬಾಣಸಿಗ ನೆಲ್ಸನ್ ವಾಂಗ್ ಅವರು ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗಳ ನಮ್ಮ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸನ್ನೂ ಕಾರ್ನ್‌ಫ್ಲೋರನ್ನೂ ಸೇರಿಸಿ ಚಿಕನ್ ಮಂಚೂರಿಯನ್ ಮಾಡಿದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಕಥೆ. ಕೋಳಿಯ ಜಾಗದಲ್ಲಿ ಹೂಕೋಸು ಬಂದು ಅದು ಗಾಡಿ ಏರಿದ ಮೇಲೆ ಕರ್ನಾಟಕದ ಬೀದಿಗಳಲ್ಲಿ ಗೋಬಿಯಷ್ಟು ಆಳವಾಗಿ ಬೇರೂರಿದ ಸಂಜೆಯ ತಿಂಡಿ ಇನ್ನೊಂದಿಲ್ಲ. ಅದನ್ನು ಕೆಟ್ಟ ಚೀನೀ ಅಡುಗೆಯೆಂದು ಅಳೆಯುವುದು ಅನ್ಯಾಯ, ಒಳ್ಳೆಯ ಬೀದಿ ಅಡುಗೆಯೆಂದು ಅಳೆಯಬೇಕು. ಆ ಅಳತೆಯಲ್ಲೂ ಅನೇಕ ಗಾಡಿಗಳು ಸೋತಿವೆಯೆಂಬುದಕ್ಕೆ ಸರ್ಕಾರದ್ದೇ ಲೆಕ್ಕವಿದೆ: ರಾಜ್ಯದ ಆರೋಗ್ಯ ಇಲಾಖೆ ಪರೀಕ್ಷೆಗೆ ಕಳಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತವಾದ ಕೃತಕ ಬಣ್ಣ ಕಂಡುಬಂದ ಕಾರಣ, 2024ರ ಮಾರ್ಚ್‌ನಲ್ಲಿ ಗೋಬಿಗೆ ಅಂಥ ಬಣ್ಣ ಬೆರೆಸುವುದನ್ನು ನಿಷೇಧಿಸಲಾಯಿತು. ಬಣ್ಣ ಹೋದ ಮೇಲೆ ಗೋಬಿ ಕಂದಿತೆಂದು ಗೊಣಗಿದವರುಂಟು. ಸೋಯಾ ಸಾಸಿಗೆ ಇರುವ ಬಣ್ಣ ಕಂದೇ ಎಂಬುದು ಅವರಿಗೆ ಇಷ್ಟು ವರ್ಷ ಗೊತ್ತಾಗಲು ಅವಕಾಶವೇ ಸಿಕ್ಕಿರಲಿಲ್ಲ.

ಬಣ್ಣದ ಮೇಲಿನ ಈ ಸಿಟ್ಟನ್ನು ಟೇಸ್ಟಿಂಗ್ ಪೌಡರಿನ ಮೇಲೂ ಹರಿಸುವುದು ಮಾತ್ರ ಅವಿವೇಕ. ಗಾಡಿಯವರ ಬಾಯಲ್ಲಿ ಹಾಗೆನಿಸಿಕೊಳ್ಳುವ ಮಾನೋಸೋಡಿಯಂ ಗ್ಲುಟಮೇಟ್ ಎಂಬ ಲವಣವು, 1908ರಲ್ಲಿ ಟೋಕಿಯೋದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಅವರು ಕೊಂಬು ಎಂಬ ಕಡಲಪಾಚಿಯ ಸಾರಿಗೆ ಅಷ್ಟು ರುಚಿ ಎಲ್ಲಿಂದ ಬರುತ್ತದೆಂದು ಹುಡುಕುತ್ತ ಬೇರ್ಪಡಿಸಿದ ವಸ್ತು. ಹಣ್ಣಾದ ಟೊಮೇಟೊದಲ್ಲೂ ಅದೇ ಗ್ಲುಟಮೇಟ್ ಸಹಜವಾಗಿ ಇದೆ. ದೂರಬೇಕಾದದ್ದು ಪುಡಿಯನ್ನಲ್ಲ, ಮೂಳೆ ಕುದಿಸದ ಸೋಮಾರಿತನಕ್ಕೆ ಅದನ್ನು ಪರಿಹಾರವಾಗಿ ಬಳಸುವುದನ್ನು. ಈ ಚರ್ಚೆಯಲ್ಲಿ ನಂಜನಗೂಡಿಗೆ ಒಂದು ವಿಶೇಷ ಸ್ಥಾನವೂ ಇದೆ, ಏಕೆಂದರೆ 1989ರಲ್ಲಿ ಇಲ್ಲಿ ಆರಂಭವಾದ ನೆಸ್ಲೆ ಕಾರ್ಖಾನೆಯು ಮ್ಯಾಗಿ ನೂಡಲ್ಸ್ ತಯಾರಾಗುವ ಜಾಗಗಳಲ್ಲಿ ಒಂದು. 2015ರ ಜೂನ್‌ನಲ್ಲಿ ಸೀಸದ ಅಂಶ ಮತ್ತು ಗ್ಲುಟಮೇಟ್ ಕುರಿತ ಲೇಬಲ್ಲಿನ ಕಾರಣಕ್ಕೆ ದೇಶಾದ್ಯಂತ ಮ್ಯಾಗಿಗೆ ತಡೆ ಬಿತ್ತು, ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿ ಮರುಪರೀಕ್ಷೆಗೆ ಸೂಚಿಸಿತು, ಅಕ್ಟೋಬರ್‌ನಲ್ಲಿ ಉತ್ಪಾದನೆ ಮತ್ತೆ ಶುರುವಾದ ಮೊದಲ ಮೂರು ಕಾರ್ಖಾನೆಗಳಲ್ಲಿ ನಂಜನಗೂಡಿನದೂ ಒಂದಾಗಿತ್ತು. ರಸಬಾಳೆಗೂ ಶ್ರೀಕಂಠೇಶ್ವರನಿಗೂ ಪ್ರಸಿದ್ಧವಾದ ಪಟ್ಟಣದಿಂದ ನೂಡಲ್ಸ್ ಲಾರಿಗಟ್ಟಲೆ ಹೊರಗೆ ಹೋಗುತ್ತಿರುವಾಗ ಅದೇ ಪಟ್ಟಣದಲ್ಲಿ ಕುಳಿತು ಒಂದು ಬಟ್ಟಲು ಒಳ್ಳೆಯ ನೂಡಲ್ಸ್ ಸೂಪಿಗಾಗಿ ಊರೆಲ್ಲ ಅಲೆಯಬೇಕಾಗಿರುವುದು ವಿಚಿತ್ರವೇ ಸರಿ.

ಮಹಾನಗರದಿಂದ ಹೊರಟು ಹೊರವಲಯದ ಮಾಲುಗಳಿಗೆ ಹರಡುತ್ತಿರುವ 'ಪ್ಯಾನ್ ಏಷ್ಯನ್' ಎಂಬ ಬಗೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಜಪಾನಿನ ಸುಶಿ, ಥಾಯ್ಲೆಂಡಿನ ಕರಿ, ಕೊರಿಯಾದ ಕಿಮ್ಚಿ, ಚೀನಾದ ಡಿಮ್‌ಸಮ್ ನಾಲ್ಕನ್ನೂ ಒಂದೇ ಒಲೆಯ ಮುಂದೆ ಕಲಿಯದೆ ಮಾಡಿದಾಗ ನಾಲ್ಕಕ್ಕೂ ಒಂದೇ ಸಿಹಿ ಸಾಸಿನ ರುಚಿ ಬರುತ್ತದೆ. ವಿದೇಶಿ ಕಾರ್ಖಾನೆ ಬಂದ ಊರಿಗೆಲ್ಲ ಆ ದೇಶದ ಊಟವೂ ಹಿಂಬಾಲಿಸಿ ಬರುತ್ತದೆಂಬ ನಂಬಿಕೆಯೂ ಅಷ್ಟೇ ಪೊಳ್ಳು, ಏಕೆಂದರೆ ಟೊಯೋಟ ಕಾರ್ಖಾನೆ ಬಂದು ಎರಡು ದಶಕ ಮೀರಿದರೂ ಬಿಡದಿ ಹೆಸರಾಗಿರುವುದು ತಟ್ಟೆ ಇಡ್ಲಿಗೇ. ಊಟ ಬರುವುದು ಬಂಡವಾಳದ ಹಿಂದೆ ಅಲ್ಲ, ಮಕ್ಕಳು ಮರಿ ಕಟ್ಟಿಕೊಂಡು ಬಂದು ನೆಲೆನಿಂತ ಜನರ ಹಿಂದೆ.

ಅಂಥ ಜನ ಮೈಸೂರು ಸೀಮೆಗೆ ಬಂದು ಆರು ದಶಕಗಳು ಕಳೆದಿವೆ. ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. 1961ರಲ್ಲಿ ನೆಲೆಗೊಂಡ ಆ ವಸತಿಯ ಬಳಿಕ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ, ಇಂದಿನ ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲೂ ಇಂಥವೇ ವಸತಿಗಳಾದವು. ಸುತ್ತಲಿನ ಕನ್ನಡಿಗರು ಇವುಗಳನ್ನು ಇಂದಿಗೂ ಕ್ಯಾಂಪು ಎಂದೇ ಕರೆಯುತ್ತಾರೆ. ಪ್ರವಾಸಿಗರ ಬಸ್ಸುಗಳು 1963ರಲ್ಲಿ ಪೆನೋರ್ ರಿಂಪೋಚೆಯವರು ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠದ, ಅಂದರೆ ಜನರ ಬಾಯಲ್ಲಿನ 'ಗೋಲ್ಡನ್ ಟೆಂಪಲ್'ನ, ಮುಂದೆ ನಿಲ್ಲುತ್ತವೆ, ಪ್ರವಾಸಿಗರು ಅಲ್ಲೇ ಎದುರಿನ ಸಾಲಿನಲ್ಲಿ ಫ್ರೈಡ್ ರೈಸ್ ತಿಂದು ಹಿಂದಿರುಗುತ್ತಾರೆ. ಒಳಗಿನ ಕ್ಯಾಂಪುಗಳಲ್ಲಿ ನಾಲ್ಕೈದು ಮೇಜಿನ, ಗೋಡೆಗೆ ದಲೈಲಾಮಾ ಅವರ ಪಟ ತೂಗುಹಾಕಿದ, ಕೆಂಪು ವಸ್ತ್ರದ ಭಿಕ್ಷುಗಳೇ ಗಿರಾಕಿಗಳಾಗಿರುವ ಹೋಟೆಲುಗಳಿವೆ, ಹುಡುಕಬೇಕಾದದ್ದು ಇವನ್ನು. ಇಲ್ಲಿ ಕೇಳಬೇಕಾದದ್ದು ಥೆಂಥುಕ್: ಕಲಸಿದ ಗೋಧಿ ಹಿಟ್ಟನ್ನು ಪಟ್ಟಿಯಾಗಿ ಚಪ್ಪಟೆ ಮಾಡಿ, ಹೆಬ್ಬೆರಳಿನಿಂದ ಚೂರುಚೂರಾಗಿ ಹರಿಯುತ್ತ ಕುದಿಯುವ ಸೂಪಿಗೆ ನೇರವಾಗಿ ಎಸೆದು ಮಾಡುವ ಇದರಲ್ಲಿ, ಹಿಟ್ಟಿನ ಪಿಷ್ಟವೇ ಸೂಪನ್ನು ಮಂದಗೊಳಿಸುವುದರಿಂದ ಕಾರ್ನ್‌ಫ್ಲೋರಿಗೆ ಕೆಲಸವಿರುವುದಿಲ್ಲ. ತಿಂಗ್ಮೊ ಎಂಬ ಹಬೆಯ ಬನ್ನು, ಹೆಸರುಕಾಳಿನ ಪಿಷ್ಟವನ್ನು ಹೆಪ್ಪುಗಟ್ಟಿಸಿ ಕತ್ತರಿಸಿ ಖಾರದೆಣ್ಣೆ ಸುರಿದು ತಣ್ಣಗೇ ಕೊಡುವ ಲಾಫಿಂಗ್ ಇವೂ ದೊರೆಯುತ್ತವೆ. ಟಿಬೆಟಿನ ನಿತ್ಯದ ಆಹಾರವಾದ ತ್ಸಂಪಾ ಮಾತ್ರ ಹೋಟೆಲಿನ ಪಟ್ಟಿಗೆ ಬರುವುದು ಅಪರೂಪ. ಹುರಿದ ಬಾರ್ಲಿಯ ಹಿಟ್ಟನ್ನು ಬೆಣ್ಣೆ ಚಹಾದಲ್ಲಿ ಕಲಸಿಕೊಳ್ಳುವ ಅದು ನಮ್ಮ ರಾಗಿ ಹುರಿಹಿಟ್ಟಿನ ದಾಯಾದಿ, ಮನೆಯೂಟವಾದ್ದರಿಂದ ಮಾರುವ ಯೋಚನೆ ಯಾರಿಗೂ ಬರುವುದಿಲ್ಲ.

ಹೆಮ್ಮರಗಾಲದಿಂದ ಒಡೆಯರಪಾಳ್ಯದ ದಾರಿಯು ತಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ಕೊಳ್ಳೇಗಾಲದ ಹೆಸರು ಬಂದ ಮೇಲೆ ಹೋಟೆಲುಗಳ ಮಾತನ್ನು ಅಲ್ಲಿಗೇ ಬಿಡುವುದು ಅನಿವಾರ್ಯವಾಗುತ್ತದೆ, ಏಕೆಂದರೆ ಭಾರತದ ಆಹಾರ ಚರಿತ್ರೆಯನ್ನು ಬರೆದವರಲ್ಲಿ ಅಗ್ರಗಣ್ಯರಾದ ಕೆ. ಟಿ. ಅಚಯ್ಯ ಅವರು 1923ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ವೃತ್ತಿಯಿಂದ ಎಣ್ಣೆಗಳ ರಸಾಯನಶಾಸ್ತ್ರಜ್ಞರಾಗಿದ್ದ ಅವರು 1994ರಲ್ಲಿ ಪ್ರಕಟಿಸಿದ 'ಇಂಡಿಯನ್ ಫುಡ್: ಎ ಹಿಸ್ಟಾರಿಕಲ್ ಕಂಪ್ಯಾನಿಯನ್' ಗ್ರಂಥವನ್ನು ಈ ಅಂಕಣ ಪದೇಪದೇ ನೆನೆಯುವುದಕ್ಕೆ ಅದರ ಇಡ್ಲಿ ಪ್ರಕರಣವೇ ಮುಖ್ಯ ಕಾರಣ. ಅವರ ವಾದದ ಸಾರ ಹೀಗಿದೆ: ಸುಮಾರು 920ರ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ, ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವ ಕ್ರಮವಿದೆ, ಮುಂದಿನ ಶತಮಾನದ ಮಾನಸೋಲ್ಲಾಸದಲ್ಲೂ ಅದರ ವಿವರಣೆಯಿದೆ, ಆದರೆ ಇಂದಿನ ಇಡ್ಲಿಯ ಮೂರು ಲಕ್ಷಣಗಳಾದ ಅಕ್ಕಿಯ ಬೆರಕೆ, ದೀರ್ಘಕಾಲದ ಹುದುಗು, ಹಬೆಯ ಬೇಯುವಿಕೆ ಇವು ಈ ಯಾವ ವರ್ಣನೆಯಲ್ಲೂ ಕಾಣುವುದಿಲ್ಲ. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗನು ಇಲ್ಲಿ ಹಬೆಪಾತ್ರೆ ಇಲ್ಲವೆಂದು ಬರೆದಿರುವುದನ್ನೂ ಸೇರಿಸಿಕೊಂಡು, ಹುದುಗಿಸಿ ಹಬೆಯಲ್ಲಿ ಬೇಯಿಸುವ ಕಲೆ 800ರಿಂದ 1200ರ ನಡುವೆ ಇಂಡೋನೇಷ್ಯಾದ ಅರಸರೊಡನೆ ಓಡಾಡುತ್ತಿದ್ದ ಬಾಣಸಿಗರ ಮೂಲಕ ಬಂದಿರಬಹುದೆಂದು ಅಚಯ್ಯನವರು ಊಹಿಸಿದರು.

ಊಹೆ ಮೋಹಕವಾಗಿದೆ, ಅದು ನಿಜವಾದರೆ ತಿ. ನರಸೀಪುರದ ಬಸ್ ನಿಲ್ದಾಣದ ಬಳಿ ಬೆಳಿಗ್ಗೆ ಇಡ್ಲಿ ಇಳಿಸುವ ಪ್ರತಿಯೊಂದು ಹೋಟೆಲೂ ಸಾವಿರ ವರ್ಷ ಹಳೆಯ ಆಗ್ನೇಯ ಏಷ್ಯಾದ ಭೋಜನಶಾಲೆಯೇ ಆಗುತ್ತದೆ. ಆದರೂ ಗ್ರಂಥದ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ಹೇಳುವುದಾದರೆ, ವಾದದ ಒಂದು ಕಂಬ ಸಡಿಲವಾಗಿದೆ. ಹಬೆಯಲ್ಲಿ ಬೇಯಿಸಲು ವಿಶೇಷ ಪಾತ್ರೆ ಬೇಕೇ ಬೇಕೆಂದಿಲ್ಲ: ಮಡಕೆಯ ಬಾಯಿಗೆ ಬಟ್ಟೆ ಕಟ್ಟಿಯೋ, ತಳದಲ್ಲಿ ಹುಲ್ಲು ಹಾಸಿ ಸ್ವಲ್ಪ ನೀರು ಬಿಟ್ಟೋ ಕಡುಬು ಬೇಯಿಸುವ ರೂಢಿ ಕನ್ನಡ ನಾಡಿನಲ್ಲಿ ಇಂದಿಗೂ ಇದ್ದು, ಇಂಥ ಸಲಕರಣೆ ಯಾತ್ರಿಕನ ಕಣ್ಣಿಗೆ ಹಬೆಪಾತ್ರೆಯಾಗಿ ಕಾಣಿಸುವುದೂ ಇಲ್ಲ, ಮುಂದೆ ನೆಲ ಅಗೆದವರಿಗೆ ಕುರುಹಾಗಿ ಸಿಗುವುದೂ ಇಲ್ಲ. ಇನ್ನು ಒತ್ತು ಶ್ಯಾವಿಗೆಯನ್ನು ನೋಡಿದರೆ, ಅಕ್ಕಿ ಹಿಟ್ಟಿನ ಉಂಡೆಯನ್ನು ಬೇಯಿಸಿ, ಬಿಸಿ ಆರುವ ಮೊದಲೇ ಶ್ಯಾವಿಗೆ ಒರಳಿಗೆ ತುಂಬಿ, ಒಬ್ಬರು ಒರಳನ್ನು ಹಿಡಿದು ಇನ್ನೊಬ್ಬರು ಮೈಭಾರವೆಲ್ಲ ಬಿಟ್ಟು ಒತ್ತಿದಾಗ ಇಳಿಯುವ ಎಳೆಗಳು ತಾಜಾ ಅಕ್ಕಿ ನೂಡಲ್ಸ್ ಅಲ್ಲದೆ ಬೇರೇನೂ ಅಲ್ಲ. ಉಂಡೆ ಒಳಗಿನವರೆಗೂ ಬೆಂದಿರದಿದ್ದರೆ ಎಳೆ ತುಂಡಾಗುತ್ತದೆ, ಆರಿದರೆ ಒರಳಿನಿಂದ ಇಳಿಯುವುದೇ ಇಲ್ಲ. ಕಬಿನಿ ಮತ್ತು ಕಾವೇರಿಗಳ ನೀರುಂಡು ಭತ್ತ ಬೆಳೆಯುವ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಮನೆಗಳಲ್ಲಿ ಅದಕ್ಕೆ ಕಾಯಿಹಾಲು ಸುರಿದೋ, ಕೋಳಿ ಸಾರು ಬಿಟ್ಟೋ ತಿನ್ನುತ್ತಾರೆ; ಎರಡನೆಯದನ್ನು ಮಹಾನಗರದ ಪ್ಯಾನ್ ಏಷ್ಯನ್ ಹೋಟೆಲೊಂದು ಬೇರೆ ಹೆಸರಿಟ್ಟು, ಮೇಲೆ ಎರಡು ಎಲೆ ಉದುರಿಸಿ ಮಾರಿದರೆ ಯಾರೂ ಅನುಮಾನಿಸಲಾರರು. ಹೆದ್ದಾರಿಯ ಹೋಟೆಲುಗಳು ಪ್ಯಾಕೆಟ್ ನೂಡಲ್ಸ್ ಬಿಟ್ಟು ಈ ಎಳೆಯನ್ನು ಸೂಪಿಗೆ ಹಾಕಲು ಇನ್ನೂ ಯಾಕೆ ಮನಸ್ಸು ಮಾಡಿಲ್ಲವೆಂಬುದು ಕೇಳಬೇಕಾದ ಪ್ರಶ್ನೆ.

ಹೊರಡುವವರಿಗೆ ಕೊನೆಯದಾಗಿ ಮೂರು ಸೂಚನೆಗಳನ್ನು ಹೇಳಬಹುದು. ಥೆಂಥುಕ್ಕನ್ನು ಕೇಳಿದ ಮೇಲೆಯೇ ಹಿಟ್ಟು ಹರಿದು ಮಾಡುವುದರಿಂದ ಅವಸರದವರು ಅದರ ಗೊಡವೆಗೆ ಹೋಗಬಾರದು. ಬೌದ್ಧರಿಗೆ ಪವಿತ್ರವಾದ, ಮೇ–ಜೂನ್ ಹೊತ್ತಿಗೆ ಬೀಳುವ ಸಾಗಾ ದಾವಾ ತಿಂಗಳಲ್ಲಿ ಮಾಂಸ ಬಿಡುವವರು ಬಹಳವಾದ್ದರಿಂದ ಮಾಂಸದ ಮೊಮೊ ಸಿಗದಿದ್ದರೆ ಬೇಸರಪಡಬಾರದು. ಫೆಬ್ರವರಿ–ಮಾರ್ಚ್‌ನ ಲೋಸರ್, ಅಂದರೆ ಟಿಬೆಟನ್ನರ ಹೊಸ ವರ್ಷದ ದಿನಗಳಲ್ಲಿ ಅಂಗಡಿ ಹೋಟೆಲುಗಳು ಬಾಗಿಲು ಹಾಕಿರುವುದೇ ಹೆಚ್ಚು. ತಿಳಿಯದೆ ಆ ವಾರ ಒಡೆಯರಪಾಳ್ಯಕ್ಕೆ ಹೋದವರಿಗೆ ಹಿಂದಿರುಗುವಾಗ ಕೊಳ್ಳೇಗಾಲದ ಇಡ್ಲಿಯೇ ಗತಿ, ಅಚಯ್ಯನವರ ಮಾತು ನಂಬುವುದಾದರೆ ಅವರಿಗೆ ನಷ್ಟವೇನೂ ಆಗಿರುವುದಿಲ್ಲ.