ಎಳೆಯ ಜೀವದ ಪರವಾಗಿ ನಿರ್ಣಯಿಸುವವರು ಯಾರು?

ಜೈನ ಧರ್ಮವು ಬದುಕಿನ ಕ್ರಮವನ್ನು ವಿಧಿಸಿದಷ್ಟೇ ಎಚ್ಚರದಿಂದ ಮರಣದ ಕ್ರಮವನ್ನೂ ವಿಧಿಸಿದೆ. ಶ್ರಾವಕನ ಹನ್ನೆರಡು ವ್ರತಗಳ ತುದಿಯಲ್ಲಿ ಸಲ್ಲೇಖನವನ್ನು ಇರಿಸಿದ ನಮ್ಮ ಆಚಾರ್ಯರು, ಅದನ್ನು ಯಾರು, ಯಾವಾಗ, ಯಾವ ಕ್ರಮದಲ್ಲಿ, ಯಾವ ಭಾವದಿಂದ ಕೈಗೊಳ್ಳಬೇಕೆಂಬುದನ್ನು ಬಿಡಿಬಿಡಿಯಾಗಿ ತಿಳಿಸಿದ್ದಾರೆ. ಆ ವಿವರಗಳನ್ನು ಮರೆತು ಹೆಸರೊಂದನ್ನೇ ಉಳಿಸಿಕೊಂಡರೆ ಏನಾಗಬಲ್ಲುದು ಎಂಬುದಕ್ಕೆ 2025ರಲ್ಲಿ ಇಂದೋರಿನಲ್ಲಿ ನಡೆದ ಘಟನೆಯೊಂದು ನಿದರ್ಶನವಾಗಿದೆ. ಅದನ್ನು ನಮ್ಮ ಗ್ರಂಥಗಳ ಬೆಳಕಿನಲ್ಲಿಯೇ ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಘಟನೆ ಇಷ್ಟು. ಜೈನ ಕುಟುಂಬವೊಂದರ ಹೆಣ್ಣುಮಗುವಿಗೆ ಮೆದುಳಿನಲ್ಲಿ ಗಡ್ಡೆ ಬೆಳೆದಿತ್ತು. ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಕೆಲಕಾಲ ಚೇತರಿಕೆ ಕಂಡಿತಾದರೂ ರೋಗ ಮತ್ತೆ ಉಲ್ಬಣಿಸಿತು. ಮಾರ್ಚ್ 21ರಂದು ತಂದೆತಾಯಿಗಳು ಮಗುವನ್ನು ಮುನಿಯೊಬ್ಬರ ಸನ್ನಿಧಿಗೆ ಕರೆದೊಯ್ದರು. ಅವರ ಸಲಹೆಯಂತೆ, ತಂದೆತಾಯಿಗಳ ಒಪ್ಪಿಗೆಯಿಂದ, ಮಗುವಿಗೆ ಸಂಥಾರಾ ವ್ರತವನ್ನು ಕೊಡಿಸಲಾಯಿತು. ಸ್ವಲ್ಪ ಹೊತ್ತಿನಲ್ಲಿಯೇ ಮಗು ತೀರಿಕೊಂಡಿತು. ಆಗ ಅದರ ವಯಸ್ಸು ಮೂರು ವರ್ಷ ನಾಲ್ಕು ತಿಂಗಳು. ಬಳಿಕ ವಿಶ್ವದಾಖಲೆಗಳನ್ನು ಪಟ್ಟಿಮಾಡುವ ಖಾಸಗಿ ಸಂಸ್ಥೆಯೊಂದು, ಈ ವ್ರತವನ್ನು ಕೈಗೊಂಡ ಅತಿ ಕಿರಿಯ ವ್ಯಕ್ತಿಯೆಂದು ಪ್ರಮಾಣಪತ್ರ ನೀಡಿತು. ಮೇ ತಿಂಗಳಲ್ಲಿ ಸುದ್ದಿ ಹೊರಬಂದಿತು. ಅಪ್ರಾಪ್ತವಯಸ್ಕರಿಗೂ ಬುದ್ಧಿಸ್ವಾಸ್ಥ್ಯವಿಲ್ಲದವರಿಗೂ ಈ ವ್ರತವನ್ನು ಕೊಡಿಸಬಾರದೆಂದು ಮಧ್ಯಪ್ರದೇಶ ಹೈಕೋರ್ಟಿನ ಇಂದೋರ್ ಪೀಠದ ಮುಂದೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂದು, ನ್ಯಾಯಾಲಯವು ನೋಟಿಸು ಹೊರಡಿಸಿತು.

ಮಗುವನ್ನು ಕಳೆದುಕೊಂಡ ತಂದೆತಾಯಿಗಳ ದುಃಖ ಇಲ್ಲಿ ವಿಮರ್ಶೆಗೆ ವಸ್ತುವಲ್ಲ. ಅದರ ಮುಂದೆ ಮೌನವೇ ಯೋಗ್ಯ. ವಿಮರ್ಶೆಗೆ ಒಳಪಡಬೇಕಾದುದು ಇಂಥ ಕಾರ್ಯಕ್ಕೆ ಆಧಾರವಾಗುವ ವಿಚಾರಗಳು. ಅವು ಮೂರು: ವೈದ್ಯದಿಂದ ಇನ್ನೇನೂ ಆಗದು ಎಂದಮೇಲೆ ಯಾವ ವಯಸ್ಸಿನವರಿಗಾದರೂ ಈ ವ್ರತ ಸಲ್ಲುತ್ತದೆ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡಬಲ್ಲ ತಂದೆತಾಯಿಗಳು ವ್ರತಕ್ಕೂ ಒಪ್ಪಿಗೆ ಕೊಡಬಲ್ಲರು, ಗುರುವಿನ ಅನುಮತಿಯಿದ್ದ ಬಳಿಕ ಬೇರೆ ಪ್ರಮಾಣ ಬೇಡ. ಈ ಮೂರನ್ನೂ ಒಂದೊಂದಾಗಿ ಪರಿಶೀಲಿಸೋಣ.

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನಕ್ಕೆ ಹೇಳಿದ ಸಂದರ್ಭಗಳು ನಾಲ್ಕು: ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಅವೆಲ್ಲವೂ ಪ್ರತೀಕಾರವಿಲ್ಲದವಾಗಿರಬೇಕು, ಎಂದರೆ ನಿವಾರಣೋಪಾಯ ಉಳಿದಿರಬಾರದು. ಮುಂದೆ ವಿಧಿಯನ್ನು ಹೇಳುವಾಗ, ಸ್ನೇಹ ವೈರ ಸಂಗ ಪರಿಗ್ರಹಗಳನ್ನು ತ್ಯಜಿಸಿ, ಸ್ವಜನ ಪರಿಜನರನ್ನು ಕ್ಷಮಿಸಿ, ಅವರಿಂದ ಕ್ಷಮೆ ಪಡೆದು, ತಾನು ಮಾಡಿದ, ಮಾಡಿಸಿದ, ಅನುಮೋದಿಸಿದ ಪಾಪಗಳನ್ನು ಕಪಟವಿಲ್ಲದೆ ಆಲೋಚನೆ ಮಾಡಿ, ಮಹಾವ್ರತಗಳನ್ನು ತಳೆದು, ಅನಂತರ ಆಹಾರವನ್ನು ಹಂತಹಂತವಾಗಿ ಕಡಿಮೆ ಮಾಡಬೇಕೆನ್ನುತ್ತಾರೆ. ಈ ಎಲ್ಲ ಕ್ರಿಯೆಗಳಿಗೂ ಕರ್ತೃ ಒಬ್ಬನೇ, ವ್ರತವನ್ನು ಕೈಗೊಳ್ಳುವವನು. ಆಹಾರತ್ಯಾಗ ಬರುವುದು ಕೊನೆಯಲ್ಲಿ. ಅದಕ್ಕೆ ಮುನ್ನ ಮನಸ್ಸಿನ ದೀರ್ಘವಾದ ಕೆಲಸವಿದೆ. ಮೂರು ವರ್ಷದ ಮಗುವಿಗೆ ತ್ಯಜಿಸಬೇಕಾದ ವೈರ ಯಾವುದು? ಆಲೋಚನೆ ಮಾಡಬೇಕಾದ ಪಾಪ ಯಾವುದು? ಮೊದಲಿನ ಮೆಟ್ಟಿಲುಗಳನ್ನೆಲ್ಲ ತೆಗೆದುಹಾಕಿ ಕೊನೆಯದನ್ನು ಮಾತ್ರ ಉಳಿಸಿದರೆ ಉಳಿಯುವುದು ಉಪವಾಸವೇ ಹೊರತು ಸಲ್ಲೇಖನವಲ್ಲ.

ಕನ್ನಡ ನಾಡಿನೊಡನೆ ನಿಕಟ ಸಂಬಂಧವುಳ್ಳ ಪೂಜ್ಯಪಾದಾಚಾರ್ಯರು ಇದನ್ನು ಇನ್ನೂ ಸ್ಪಷ್ಟಪಡಿಸಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯಕ್ಕೆ ‘ಸರ್ವಾರ್ಥಸಿದ್ಧಿ’ಯಲ್ಲಿ ವ್ಯಾಖ್ಯಾನ ಬರೆಯುತ್ತ, ಸೂತ್ರದಲ್ಲಿರುವ ಕ್ರಿಯಾಪದವು ಬರಿಯ ಆಚರಣೆಯನ್ನಲ್ಲದೆ ಪ್ರೀತಿಯನ್ನೂ ಸೂಚಿಸುತ್ತದೆ; ಪ್ರೀತಿಯಿಲ್ಲದಿದ್ದಲ್ಲಿ ಬಲಾತ್ಕಾರದಿಂದ ಸಲ್ಲೇಖನವನ್ನು ಮಾಡಿಸಲಾಗದು, ಪ್ರೀತಿಯಿದ್ದಲ್ಲಿ ಜೀವನು ತಾನೇ ಮಾಡುತ್ತಾನೆ ಎಂಬ ಅಭಿಪ್ರಾಯವನ್ನು ಅವರು ನೀಡುತ್ತಾರೆ. ಇದು ಆತ್ಮಹತ್ಯೆಯಲ್ಲವೆಂದು ನಮ್ಮ ಗ್ರಂಥಕಾರರು ಸಾಧಿಸಿರುವುದೂ ವ್ರತಿಯ ಭಾವವನ್ನು ಆಧರಿಸಿಯೇ: ರಾಗದ್ವೇಷಮೋಹಗಳ ಪ್ರೇರಣೆ ಅವನಲ್ಲಿಲ್ಲ. ಭಾವವನ್ನು ತಾಳಲು ಇನ್ನೂ ಶಕ್ತವಲ್ಲದ ಮಗುವಿನ ವಿಷಯದಲ್ಲಿ ಈ ಸಾಧನೆಗೆ ನೆಲೆಯೇ ಇರುವುದಿಲ್ಲ. ಮನುಷ್ಯಜೀವಕ್ಕೆ ಎಂಟು ವರ್ಷ ತುಂಬುವ ಮೊದಲು ಸಂಯಮಗ್ರಹಣದ ಯೋಗ್ಯತೆ ಬಾರದೆಂಬುದು ದಿಗಂಬರ ಸಿದ್ಧಾಂತಗ್ರಂಥಗಳ ನಿರೂಪಣೆ. ಅಣುವ್ರತಕ್ಕೂ ಯೋಗ್ಯತೆಯಿಲ್ಲದ ವಯಸ್ಸಿನಲ್ಲಿ ವ್ರತಗಳ ಶಿಖರವನ್ನು ಆರೋಪಿಸುವುದು ಹೇಗೆ ಸಾಧ್ಯ?

ನಮ್ಮ ನಾಡಿನ ಶಾಸನಗಳೂ ಇದೇ ಮಾತನ್ನು ಹೇಳುತ್ತವೆ. ಹತ್ತನೆಯ ಶತಮಾನದ ಆದಿಯಲ್ಲಿ ನಾಗರಖಂಡವನ್ನು ಆಳುತ್ತಿದ್ದ ಜಕ್ಕಿಯಬ್ಬೆಯು ವ್ಯಾಧಿಗ್ರಸ್ತಳಾದಾಗ, ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನವನ್ನು ಕೈಗೊಂಡಳು. ಹೊಣೆಯನ್ನು ಅರಿತು, ಹೊಣೆಯನ್ನು ಇಳಿಸಿ, ತಾನಾಗಿ ಮುಂದುವರಿದ ಒಬ್ಬ ಪ್ರೌಢ ಸ್ತ್ರೀಯ ನಿರ್ಣಯವದು. ಶಾಸನವು ಆಕೆಯನ್ನು ಹೊಗಳುವುದಾದರೆ ಈ ಕಾರಣದಿಂದ.

ಎರಡನೆಯ ವಾದ ಪಾಲಕರ ಅಧಿಕಾರದ್ದು. ತಂದೆತಾಯಿಗಳಿಗೆ ಅಧಿಕಾರವಿದೆ, ಸಂದೇಹವಿಲ್ಲ. ರಾತ್ರಿಯಿಡೀ ಮಗುವಿನ ಪಕ್ಕದಲ್ಲಿ ಕುಳಿತವರಿಗಿಂತ ಅದರ ನೋವನ್ನು ಬಲ್ಲವರು ಯಾರು? ಆದರೆ ಆ ಅಧಿಕಾರವು ಮಗುವಿನ ಹಿತಕ್ಕಾಗಿ ಕೊಟ್ಟ ಅಧಿಕಾರ. ಶಸ್ತ್ರಚಿಕಿತ್ಸೆಗೆ ಅವರು ಕೊಡುವ ಒಪ್ಪಿಗೆ ಮಗುವಿನ ದೇಹಕ್ಕೆ ಸಲ್ಲುತ್ತದೆ. ವ್ರತವಾದರೋ ಆತ್ಮದ ಸಂಕಲ್ಪ. ತಂದೆ ಮಾಡಿದ ಉಪವಾಸದ ನಿರ್ಜರೆ ಮಗನಿಗೆ ಸಲ್ಲದು. ತಾಯಿ ಹಿಡಿದ ನೋಂಪಿಯಿಂದ ಮಗಳು ವ್ರತಿಕೆಯಾಗಳು. ಪ್ರತಿಯೊಂದು ಜೀವವೂ ತನ್ನ ಕರ್ಮಕ್ಕೆ ತಾನೇ ಕರ್ತೃ, ತಾನೇ ಭೋಕ್ತೃ ಎಂದು ಸಾರುವ ದರ್ಶನವು ಪರರ ಸಂಕಲ್ಪದಿಂದ ನಡೆಯುವ ಸಲ್ಲೇಖನವನ್ನು ಒಪ್ಪಲಾರದು. ನೆಲದ ಕಾನೂನಿನ ನಿಲುವೂ ಭಿನ್ನವಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಮು, ಹನ್ನೆರಡರೊಳಗಿನ ಮಗುವಿನ ಹಿತಕ್ಕಾಗಿ ಪಾಲಕರ ಒಪ್ಪಿಗೆಯಿಂದ ಸದ್ಭಾವದಿಂದ ಮಾಡಿದ ಕಾರ್ಯಕ್ಕೆ ರಕ್ಷಣೆ ಕೊಡುತ್ತದೆ. ಉದ್ದೇಶಪೂರ್ವಕವಾಗಿ ಮರಣವನ್ನು ಉಂಟುಮಾಡುವುದಕ್ಕೆ ಆ ರಕ್ಷಣೆ ವಿಸ್ತರಿಸದು.

ಹಾಗಾದರೆ ಪಾಲಕರ ಮುಂದಿರುವ ನಿಜವಾದ ಪ್ರಶ್ನೆ ಯಾವುದು? ಅದು ಚಿಕಿತ್ಸೆಯ ಪ್ರಶ್ನೆ. ರೋಗಕ್ಕೆ ಪ್ರತೀಕಾರ ಉಳಿದಿದೆಯೇ, ಉಳಿದ ಚಿಕಿತ್ಸೆಯಿಂದ ಮಗುವಿಗೆ ಒದಗುವ ಹಿತವು ಅದರಿಂದಾಗುವ ನೋವಿಗಿಂತ ಹೆಚ್ಚೇ ಎಂಬುದು. ಇದನ್ನು ಭಕ್ತಿಯಿಂದ ನಿರ್ಣಯಿಸಲಾಗದು. ಮೆದುಳಿನ ಗಡ್ಡೆ ಎಂಬುದು ಒಂದೇ ರೋಗವಲ್ಲ. ಮೆಡುಲೊಬ್ಲಾಸ್ಟೋಮಾ ಎಂಬ ಬಗೆಯಲ್ಲಿ, ರೋಗ ಹರಡದಿದ್ದು ಪೂರ್ಣ ಚಿಕಿತ್ಸೆ ದೊರೆತರೆ ಹೆಚ್ಚಿನ ಮಕ್ಕಳು ಐದು ವರ್ಷ ದಾಟಿ ಬದುಕುತ್ತಾರೆ. ಮೆದುಳುಕಾಂಡದ ಒಳಗೆ ಹಬ್ಬುವ ಇನ್ನೊಂದು ಬಗೆಯಲ್ಲಿ ಎರಡು ವರ್ಷ ಉಳಿಯುವ ಮಕ್ಕಳೇ ವಿರಳ. ಹೊರಗಿನವರಿಗೆ ಎರಡಕ್ಕೂ ಹೆಸರು ಒಂದೇ. ಆದುದರಿಂದ ಪ್ರತೀಕಾರವಿಲ್ಲವೆಂಬ ಮಾತನ್ನು ಹೇಳಬೇಕಾದವರು ಆ ರೋಗವನ್ನು ಬಲ್ಲ ವೈದ್ಯರು. ಅದೂ ಒಬ್ಬರಲ್ಲ, ಸ್ವತಂತ್ರವಾಗಿ ಪರೀಕ್ಷಿಸಿದ ಇನ್ನೊಬ್ಬರು ಒಪ್ಪಿದ ಬಳಿಕ. ಪೂಜ್ಯಪಾದರು ಕೊಡುವ ವರ್ತಕನ ದೃಷ್ಟಾಂತವೂ ಇದನ್ನೇ ಕಲಿಸುತ್ತದೆ. ಸರಕು ತುಂಬಿದ ಮನೆಗೆ ವಿಪತ್ತು ಒದಗಿದಾಗ ವರ್ತಕನು ಮೊದಲು ಯಥಾಶಕ್ತಿ ಮನೆಯನ್ನೇ ಉಳಿಸಲು ಯತ್ನಿಸುತ್ತಾನೆ. ಅದು ಅಸಾಧ್ಯವಾದಾಗ ಮಾತ್ರ ಸರಕನ್ನು ಕಾಪಾಡಿಕೊಳ್ಳುತ್ತಾನೆ. ಹೊಗೆ ಕಂಡೊಡನೆ ಮನೆಯನ್ನು ತೊರೆಯೆಂದು ಆಚಾರ್ಯರು ಹೇಳಲಿಲ್ಲ.

ಪ್ರೇಮವು ಎರಡು ದಿಕ್ಕಿನಲ್ಲಿಯೂ ತಪ್ಪಬಹುದೆಂಬುದನ್ನು ಮರೆಯಬಾರದು. ಇಂದೋರಿನ ಪ್ರಸಂಗಕ್ಕೆ ವಿರುದ್ಧವಾದುದೊಂದು ಲಂಡನ್ನಿನಲ್ಲಿ 2017ರಲ್ಲಿ ನಡೆಯಿತು. ಅಪೂರ್ವವಾದ ಆನುವಂಶಿಕ ರೋಗದಿಂದ ಬಳಲುತ್ತಿದ್ದ ಹಸುಗೂಸಿನ ಉಸಿರಾಟದ ಯಂತ್ರವನ್ನು ತೆಗೆಯುವುದು ಮಗುವಿಗೆ ಹಿತವೆಂದು ವೈದ್ಯರು ಹೇಳಿದರು. ಅಮೆರಿಕಕ್ಕೆ ಕೊಂಡೊಯ್ದು ಇನ್ನೂ ಪ್ರಯೋಗದ ಹಂತದಲ್ಲಿದ್ದ ಚಿಕಿತ್ಸೆ ಕೊಡಿಸಬೇಕೆಂದು ತಂದೆತಾಯಿಗಳು ಹಟಹಿಡಿದರು. ಅಲ್ಲಿಯ ನ್ಯಾಯಾಲಯಗಳು ತಂದೆತಾಯಿಗಳ ಇಚ್ಛೆಯನ್ನಾಗಲಿ ವೈದ್ಯರ ಪ್ರತಿಷ್ಠೆಯನ್ನಾಗಲಿ ಅಳತೆಗೋಲಾಗಿ ಹಿಡಿಯದೆ, ಮಗುವಿನ ಹಿತವೊಂದನ್ನೇ ಹಿಡಿದು, ಚಿಕಿತ್ಸೆಯನ್ನು ನಿಲ್ಲಿಸಬಹುದೆಂದು ತೀರ್ಮಾನಿಸಿದವು. ಸಲ್ಲೇಖನದ ಐದು ಅತಿಚಾರಗಳಲ್ಲಿ ಮೊದಲಿನ ಎರಡು, ಬದುಕಬೇಕೆಂಬ ಆಶಂಸೆ ಮತ್ತು ಬೇಗ ಸಾಯಬೇಕೆಂಬ ಆಶಂಸೆ. ವ್ರತಿಗೆ ಹೇಳಿದ ಈ ಎಚ್ಚರಿಕೆ ಮಗುವಿನ ಪರವಾಗಿ ನಿರ್ಣಯಿಸುವವರಿಗೂ ಅಷ್ಟೇ ಅನ್ವಯಿಸುತ್ತದೆ. ಒಬ್ಬರು ಬಿಡಲಾರದೆ ನೋವನ್ನು ಬೆಳೆಸುತ್ತಾರೆ. ಇನ್ನೊಬ್ಬರು ನೋಡಲಾರದೆ ಅಂತ್ಯವನ್ನು ಅವಸರಿಸುತ್ತಾರೆ. ಎರಡೂ ಕಡೆ ನಿರ್ಣಯಿಸುತ್ತಿರುವುದು ನಮ್ಮ ಮೋಹವೇ.

ಆದುದರಿಂದಲೇ ಈ ನಿರ್ಣಯವನ್ನು ಯಾರೊಬ್ಬರ ಹೆಗಲಿಗೂ ಬಿಡಬಾರದು. ಸುಪ್ರೀಂ ಕೋರ್ಟು 2018ರಲ್ಲಿ ವಿಧಿಸಿ 2023ರಲ್ಲಿ ಸರಳಗೊಳಿಸಿದ ಕ್ರಮದಲ್ಲಿ, ತನ್ನ ಅಂತ್ಯಕಾಲದ ಚಿಕಿತ್ಸೆಯ ಕುರಿತು ಮುಂಗಡ ನಿರ್ದೇಶನ ಬರೆದಿಡುವ ಹಕ್ಕು ವಯಸ್ಕರಿಗೆ ಮಾತ್ರ ಇದೆ. ಅಂಥ ನಿರ್ದೇಶನವಿಲ್ಲದ, ತಾನು ನಿರ್ಣಯಿಸಲಾರದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬೇಕಾದರೆ, ಮೂವರು ವೈದ್ಯರ ಪ್ರಾಥಮಿಕ ಮಂಡಳಿಯೂ, ಆ ಬಳಿಕ ಮೂವರ ಎರಡನೆಯ ಮಂಡಳಿಯೂ ಪರಿಶೀಲಿಸಿ, ಕುಟುಂಬದವರ ಒಪ್ಪಿಗೆಯೂ ಸೇರಬೇಕು. ಇದನ್ನು ಕಾರ್ಯಗತಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯ ಕೊನೆಯಲ್ಲಿ ಸುತ್ತೋಲೆ ಹೊರಡಿಸಿದೆ. ಫಲವಿಲ್ಲದ ಯಂತ್ರಚಿಕಿತ್ಸೆಯನ್ನು ಹೀಗೆ ವಿವೇಚಿಸಿ ನಿಲ್ಲಿಸುವುದು ಅಧರ್ಮವಲ್ಲ. ಅದಕ್ಕೆ ಸಲ್ಲೇಖನವೆಂಬ ಹೆಸರೂ ಬೇಕಿಲ್ಲ. ಚಿಕಿತ್ಸೆ ನಿಂತ ಮಗುವಿಗೂ ನೋವು ತಣಿಸುವ ಔಷಧಿ, ಅದು ಬೇಡಿದಾಗ ಬಾಯಿಗೆ ನೀರು, ತಾಯಿಯ ತೊಡೆ ಇವು ದೊರೆಯಲೇಬೇಕು. ಹತ್ತು ಹನ್ನೆರಡು ವರ್ಷದ ಮಗುವಾದರೆ ಅದರ ಮಾತನ್ನು ಕೇಳಬೇಕು. ತನ್ನ ನೋವೇನು, ತನಗೇನು ಬೇಡವೆಂಬುದನ್ನು ಅದು ಹೇಳಬಲ್ಲದು.

ಮೂರನೆಯದು ಗುರುವಿನ ಅನುಮತಿಯ ಮಾತು. ಶಿವಾರ್ಯರ ‘ಭಗವತೀ ಆರಾಧನೆ’ಯಲ್ಲಿ ಭಕ್ತಪ್ರತ್ಯಾಖ್ಯಾನದ ನಿರೂಪಣೆಗೆ ನಲವತ್ತು ಅಧಿಕಾರಗಳಿವೆ, ಅವುಗಳಲ್ಲಿ ಮೊದಲನೆಯದೇ ಅರ್ಹತೆಯ ವಿಚಾರ. ಬಂದ ಕ್ಷಪಕನನ್ನು ಪರೀಕ್ಷಿಸುವುದು ಅಲ್ಲಿ ಆಚಾರ್ಯನ ಕರ್ತವ್ಯ. ಸ್ವತಃ ಸಮಂತಭದ್ರರ ಕುರಿತು ಪರಂಪರೆಯಲ್ಲಿ ಬಂದ ಕಥೆ ಇಲ್ಲಿ ಸ್ಮರಣೀಯ. ಭಸ್ಮಕವ್ಯಾಧಿಯಿಂದ ಪೀಡಿತರಾಗಿ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿ, ಮೊದಲು ರೋಗವನ್ನು ಶಮನಗೊಳಿಸಿಕೊಳ್ಳೆಂದು ಆಜ್ಞಾಪಿಸಿದರಂತೆ. ಸಲ್ಲೇಖನದ ವಿಧಿಯನ್ನು ನಮಗೆ ಕೊಟ್ಟ ಮಹನೀಯರಿಗೇ, ಪ್ರೌಢರಾದ ಮುನಿಗಳಿಗೇ, ಬೇಡವೆನ್ನಬಲ್ಲ ಗುರುವಿದ್ದರು. ಅರ್ಹರಲ್ಲದವರಿಗೆ ವ್ರತವನ್ನು ನಿರಾಕರಿಸುವುದೂ ಗುರುಕಾರ್ಯವೇ.

ಪ್ರಮಾಣಪತ್ರದ ವಿಷಯವನ್ನು ಹೇಳದೆ ಬಿಡಲಾಗದು. ಕೀರ್ತಿಯ ಆಕಾಂಕ್ಷೆಯನ್ನು ಕಳಚಿಕೊಳ್ಳಬೇಕಾದ ಸ್ಥಳದಲ್ಲಿ ದಾಖಲೆಯ ಪಟ್ಟಿ ಬಂದಿತೆಂದರೆ, ಇನ್ನೂ ಕಿರಿಯ ಮಗುವಿನ ಮರಣಕ್ಕೆ ಸ್ಪರ್ಧೆಯ ಬಾಗಿಲು ತೆರೆದಂತಾಯಿತು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಈ ಮೂರಕ್ಕೂ ಹೊಣೆಯುಂಟೆಂದು ಬಲ್ಲ ಸಮಾಜವು ಇಂಥ ಪತ್ರಕ್ಕೆ ಚಪ್ಪಾಳೆ ತಟ್ಟಬಾರದು.

ಇದರಿಂದ ಸಲ್ಲೇಖನಕ್ಕೇ ಒದಗುವ ಹಾನಿಯೂ ಚಿಂತನೀಯ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಂಥಾರಾವನ್ನು ಆತ್ಮಹತ್ಯೆಗೆ ಸಮಾನವೆಂದು ಪರಿಗಣಿಸಿ ಶಿಕ್ಷಾರ್ಹವೆಂದಾಗ ಜೈನ ಸಮಾಜವು ದೇಶಾದ್ಯಂತ ಪ್ರತಿಭಟಿಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಅಂದು ನಾವು ಮುಂದಿಟ್ಟ ಮುಖ್ಯ ಸಮರ್ಥನೆ, ಇದು ಅರಿವುಳ್ಳ ವ್ಯಕ್ತಿಯ ಸ್ವೇಚ್ಛೆಯ ವ್ರತ ಎಂಬುದು. ಮಗುವಿಗೆ ಇದನ್ನು ಕೊಡಿಸಿದರೆ ಆ ಸಮರ್ಥನೆಯ ಬೇರನ್ನು ನಮ್ಮ ಕೈಯಿಂದಲೇ ಕತ್ತರಿಸಿದಂತೆ.

ಹಾಗಾದರೆ ಸಾಯುವ ಮಗುವಿಗೆ ಧರ್ಮದ ಆಸರೆ ಇಲ್ಲವೇ ಎಂದು ಕೇಳಬಹುದು. ಇದೆ, ಅದನ್ನು ಒದಗಿಸಬೇಕಾದವರು ಸುತ್ತಲಿನ ನಾವು. ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯವೂ ಒಂದು. ರೋಗಿಯ ಸೇವೆಯನ್ನು ತಪಸ್ಸೆಂದು ಎಣಿಸಿದ ಧರ್ಮದಲ್ಲಿ, ಮಗುವಿನ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಸುರುವುದಕ್ಕೂ, ಅದರ ನೋವನ್ನು ತಗ್ಗಿಸುವುದಕ್ಕೂ ವಿರೋಧವಿಲ್ಲ. ಬಸದಿಗಳ ಆಡಳಿತ ಮಂಡಳಿಗಳು ಈ ದಿಸೆಯಲ್ಲಿ ಮಾಡಬಹುದಾದುದು ಬಹಳವಿದೆ. ಅಪ್ರಾಪ್ತವಯಸ್ಕರಿಗೆ ತಮ್ಮ ಆವರಣದಲ್ಲಿ ಈ ವ್ರತವನ್ನು ಕೊಡಿಸಲಾಗದೆಂದು ನಿರ್ಣಯ ಮಾಡಬಹುದು. ಎರಡನೆಯ ವೈದ್ಯರ ಅಭಿಪ್ರಾಯಕ್ಕಾಗಿ ಬಡ ಕುಟುಂಬವು ಬೆಂಗಳೂರಿಗೆ ಹೋಗಿಬರುವ ವೆಚ್ಚವನ್ನು ನಿಧಿಯಿಂದ ಭರಿಸಬಹುದು. ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಶುಶ್ರೂಷೆ ಮಾಡುವ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳಿಗೆ ನೆರವಾಗಬಹುದು. ಪಂಚಕಲ್ಯಾಣದ ವೆಚ್ಚದ ಮುಂದೆ ಇದು ಅಲ್ಪವೇ.

ಮಗುವಿನ ಪರವಾಗಿ ನಿರ್ಣಯಿಸುವವರು ಯಾರೆಂಬ ಪ್ರಶ್ನೆಗೆ ಉತ್ತರ ಹೀಗೆ ನಿಲ್ಲುತ್ತದೆ: ರೋಗದ ಸತ್ಯವನ್ನು ವೈದ್ಯರು ಹೇಳಲಿ, ಮಗುವಿನ ಹಿತವನ್ನು ನೋಡಿ ತಂದೆತಾಯಿಗಳು ಅವರೊಡನೆ ಕೂಡಿ ನಿರ್ಣಯಿಸಲಿ, ಭಿನ್ನಾಭಿಪ್ರಾಯ ಬಂದಲ್ಲಿ ಕಾನೂನು ನೋಡಿಕೊಳ್ಳಲಿ, ಗುರುಗಳು ಧೈರ್ಯವನ್ನೂ ವಿವೇಕವನ್ನೂ ಕೊಡಲಿ. ವ್ರತವನ್ನು ಮಾತ್ರ ಯಾರೂ ಯಾರ ಪರವಾಗಿಯೂ ತೆಗೆದುಕೊಳ್ಳಲಾರರು.